ಪದಚರ್ಚೆ: ಕಿಟಕಿಯ ಫಲಕಕ್ಕೆ ‘ಪಗಾರ’ವೇ ಸರಿ

ಮಾನ್ಯರೇ,

ಜಮಖಂಡಿಯ ಸೋದರಿಯವರು ತಮ್ಮ ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಹಣ ಕೊಡುವ ಕಿಟಕಿಯ ಮೇಲೆ ‘ಪಗಾರ’ ಎಂದು ಬರೆಸಬೇಕೋ ‘ವೇತನ’ ಎಂದು ಬರೆಸಬೇಕೋ ಎಂದು ಕೇಳಿದ್ದಾರೆ. ಪೇಂಟರ್ ಸೋಮವಾರವೇ ಬರುವನಾದ್ದರಿಂದ ಉತ್ತರವನ್ನು ಮೊದಲೇ ಹೇಳುತ್ತೇನೆ: ‘ಪಗಾರ’ ಎಂದೇ ಬರೆಸಿರಿ.

ಈ ಪದವನ್ನು ಹಳಗನ್ನಡದ ‘ಪಗಲ್’ಗೆ ಜೋಡಿಸಿ, ಹಗಲೆಲ್ಲ ದುಡಿದವನಿಗೆ ಸಲ್ಲುವುದೇ ಪಗಾರ ಎಂದು ಹಿರಿಯರೊಬ್ಬರು ಬರೆದಿದ್ದಾರೆ. ಅದು ನಿಲ್ಲುವ ಮಾತಲ್ಲ. ಪಗಲ್ ಹಗಲಾಗಿ, ಪಗೆ ಹಗೆಯಾಗಿರುವಾಗ ಇದೊಂದು ಮಾತ್ರ ಪಕಾರವನ್ನು ಏಕೆ ಉಳಿಸಿಕೊಂಡಿತು, ಲಕಾರ ಎಲ್ಲಿ ಹೋಯಿತು ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ.

ಮೂಲ ಪೋರ್ಚುಗೀಸಿನ ‘ಪಗಾರ್’. ಅಲ್ಲಿ ಅದು ಕ್ರಿಯಾಪದ, ಹಣ ಸಲ್ಲಿಸು ಎಂದು ಅರ್ಥ. ಅದರ ಹಿಂದಿರುವ ಲ್ಯಾಟಿನ್ ಧಾತುವಿಗೆ ಸಮಾಧಾನಪಡಿಸು ಎಂಬ ಅರ್ಥವಿದ್ದು, ಇಂಗ್ಲಿಷಿನ ‘ಪೇ’ ಕೂಡ ಅದೇ ಬೇರಿನಿಂದ ಬಂದಿದೆ. 1510ರಲ್ಲಿ ಬಿಜಾಪುರದ ಆದಿಲಶಾಹಿಗಳ ಕೈತಪ್ಪಿ ಪೋರ್ಚುಗೀಸರ ವಶವಾದ ಗೋವೆಯಿಂದ ಕೊಂಕಣಿ, ಮರಾಠಿಗಳ ಮೂಲಕ ಈ ಪದ ಘಟ್ಟ ಹತ್ತಿತು. ಕೀಲಿಕೈಗೆ ನಾವು ಅನ್ನುವ ‘ಚಾವಿ’ಯ ಮೂಲವೂ ಪೋರ್ಚುಗೀಸೇ. 1956ರವರೆಗೆ ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದುದರಿಂದ ಕಚೇರಿಗಳಲ್ಲೂ ‘ಪಗಾರ’ ಗಟ್ಟಿಯಾಗಿ ನೆಲೆಯೂರಿತು.

ಆದರೆ ಬಂದ ಪದವನ್ನು ಕನ್ನಡ ಹೇಗೆ ಬಂದಿತೋ ಹಾಗೆಯೇ ಇಟ್ಟುಕೊಂಡಿಲ್ಲ ಎಂಬುದನ್ನು ಗಮನಿಸಬೇಕು. ಕ್ರಿಯಾಪದವಾಗಿದ್ದುದು ಇಲ್ಲಿ ಪೂರ್ತಿಯಾಗಿ ನಾಮಪದ. ‘ಪಗಾರಿಸು’ ಎಂದು ಯಾರೂ ಅನ್ನುವುದಿಲ್ಲ. ಕೊಡುವವರ ಕಡೆಯಿಂದ ನೋಡಿದರೆ ‘ಸಾಹೇಬರು ಪಗಾರ ಮಾಡಿದರು’, ತೆಗೆದುಕೊಳ್ಳುವವರ ಕಡೆಯಿಂದ ನೋಡಿದರೆ ‘ಪಗಾರ ಆತೇನು?’ ಎಂಬ ಪ್ರಶ್ನೆ. ಮಾಡು, ಆಗು ಎಂಬ ಎರಡೇ ಧಾತುಗಳಿಂದ ಇಡೀ ವ್ಯವಹಾರ ಮುಗಿಯುತ್ತದೆ. ‘ವೇತನ ಮಾಡಿದರು’ ಎಂದು ಹೇಳಿ ನೋಡಿರಿ, ಕಿವಿಗೆ ಹಿಡಿಸುವುದಿಲ್ಲ.

ಇನ್ನು, ‘ಪಗಾರ ಮರಾಠಿ, ಸಂಬಳ ಅಚ್ಚಗನ್ನಡ, ಚರ್ಚೆ ಸಾಕು’ ಎಂದು ತಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದವರಿಗೆ ನನ್ನ ಖಂಡಿತವಾದ ವಿರೋಧವಿದೆ. ಸಂಸ್ಕೃತದಲ್ಲಿ ಪ್ರಯಾಣದ ಬುತ್ತಿಗೆ ಹೇಳುವ ‘ಶಂಬಲ’ ಅಥವಾ ‘ಸಂಬಲ’ವೇ ಸಂಬಳದ ಮೂಲ. ವೇತನವಂತೂ ನೇರ ತತ್ಸಮ, ಪಾಣಿನಿಯ ಸೂತ್ರದಲ್ಲಿಯೇ ಇದೆ. ಅದೇ ಪತ್ರದಲ್ಲಿ ಅವರು ಬಳಸಿದ ‘ಬಟವಾಡೆ’ ಮರಾಠಿಯಿಂದ ಬಂದದ್ದು. ಎರವಲು ಎಂಬ ಒಂದೇ ಕಾರಣಕ್ಕೆ ಪದವನ್ನು ಹೊರಗಿಡುವುದಾದರೆ ಪಗಾರ, ಸಂಬಳ, ವೇತನ ಮೂರನ್ನೂ ಹೊರಗಿಡಬೇಕಾಗುತ್ತದೆ, ಆಗ ಉಳಿಯುವ ದ್ರಾವಿಡ ಪದ ‘ಕೂಲಿ’ ಒಂದೇ. ತಿಂಗಳ ಲೆಕ್ಕದ ನೌಕರರು ನಿಲ್ಲುವ ಕಿಟಕಿಗೆ ಅದನ್ನು ಬರೆಸಲು ಅವರೂ ಒಪ್ಪಲಾರರು. ಸಂಸ್ಕೃತದ ಎರವಲಿಗೆ ಮನೆಯ ಮರ್ಯಾದೆ, ಮರಾಠಿಯಿಂದ ಬಂದ ಎರವಲಿಗೆ ಹೊರಗಿನ ಕಟ್ಟೆ ಎಂಬ ಭೇದವನ್ನು ವ್ಯಾಕರಣ ಮಾಡುವುದಿಲ್ಲ, ನಾವು ಮಾಡುತ್ತಿದ್ದೇವೆ. ಗಡಿಯ ವ್ಯಾಜ್ಯದ ಸಿಟ್ಟನ್ನು ಬೆಳಗಾವಿಯಿಂದ ಬಾಗಲಕೋಟೆಯವರೆಗಿನ ಕನ್ನಡಿಗರು ದಿನವೂ ಆಡುವ ಒಂದು ಪದದ ಮೇಲೆ ತೀರಿಸಿಕೊಳ್ಳುವುದು ಅನ್ಯಾಯ.

ಸೋದರಿಯವರು ಒಂದು ವ್ಯತ್ಯಾಸವನ್ನು ಮಾತ್ರ ಕಾಯ್ದುಕೊಳ್ಳಲಿ. ವೇತನ ಪಾವತಿಯ ಕಾನೂನನ್ನು ಉಲ್ಲೇಖಿಸುವ ಪತ್ರ, ಆದೇಶಗಳಲ್ಲಿ ‘ವೇತನ’ವೇ ಇರಬೇಕು, ಏಕೆಂದರೆ ಅಲ್ಲಿ ಅದು ಪಾರಿಭಾಷಿಕ ಪದ. ಫಲಕಕ್ಕೆ ‘ಪಗಾರ ವಿಭಾಗ’, ಕೈಗೆ ಕೊಡುವ ಕಾಗದಕ್ಕೆ ‘ಪಗಾರ ಚೀಟಿ’ ಸಾಕು. ಕೊನೆಯ ರಕಾರಕ್ಕೆ ಅರ್ಧಾಕ್ಷರ ಹಾಕಿ ‘ಪಗಾರ್’ ಎಂದು ಬರೆಯದಂತೆ ಪೇಂಟರ್‌ಗೆ ಮೊದಲೇ ತಿಳಿಸಿರಿ. ಕನ್ನಡದಲ್ಲಿ ಅದು ಅಕಾರಾಂತ.