‘ಲಿಮಿಟೆಡ್ ಎಡಿಷನ್ ವಿನೈಲ್’: ‘ಮಿತ ಅಚ್ಚಿನ ಪ್ಲೇಟು’ ಎನ್ನಬಹುದೇ?

ಮಾನ್ಯರೇ,

ಸೈಕೆಡೆಲಿಕ್ ಫೋಕ್ ರಾಕ್ (ಪಾಶ್ಚಾತ್ಯ ಜನಪದ ಹಾಡೂ ರಾಕ್ ಸಂಗೀತವೂ ಬೆರೆತ ಶೈಲಿ) ಆಲ್ಬಮ್ ಒಂದರ ಲಿಮಿಟೆಡ್ ಎಡಿಷನ್ ವಿನೈಲ್, ಅಂದರೆ ಕೆಲವೇ ಪ್ರತಿಗಳಲ್ಲಿ ಹೊರಬಂದ ಪ್ಲಾಸ್ಟಿಕ್ ಧ್ವನಿಮುದ್ರಿಕೆಯ ಕುರಿತು ಮೈಸೂರಿನ ಕೇಳುಗರಿಗಾಗಿ ಪರಿಚಯ ಲೇಖನವೊಂದನ್ನು ಬರೆಯುತ್ತಿದ್ದು, ಅದರಲ್ಲಿ ಬರುವ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಕೋರುತ್ತೇನೆ.

‘ಲಿಮಿಟೆಡ್ ಎಡಿಷನ್’ ಅನ್ನು ‘ಸೀಮಿತ ಆವೃತ್ತಿ’ ಎಂದು ಬರೆಯುವ ರೂಢಿಯಿದೆ. ಆದರೆ ಪುಸ್ತಕದ ಎರಡನೆಯ ಆವೃತ್ತಿ ಎಂದಾಗ ತಿದ್ದುಪಡಿಯಾಗಿರಬಹುದೆಂದು ಓದುಗರು ಊಹಿಸುತ್ತಾರೆ. ಇಲ್ಲಿ ಮಿತಿಯಿರುವುದು ಪ್ರತಿಗಳ ಸಂಖ್ಯೆಗೆ ಮಾತ್ರ. ಹಾಡಿನ ಗೆರೆಗಳನ್ನು ಲ್ಯಾಕರ್ ಎಂಬ ಮೆರುಗು ಬಳಿದ ತಟ್ಟೆಯಲ್ಲಿ ಕೊರೆದು, ಅದರಿಂದ ನಿಕಲ್ ಲೋಹದ ಪಡಿಯಚ್ಚುಗಳನ್ನು ತೆಗೆದು, ಅಂಥ ಎರಡರ ನಡುವೆ ಕಾದು ಮೆತ್ತಗಾದ ಪಿವಿಸಿ (ವಿನೈಲ್ ಪ್ಲಾಸ್ಟಿಕ್) ಮುದ್ದೆಯನ್ನಿಟ್ಟು ಒತ್ತಿದರೆ ಪ್ಲೇಟು ಸಿದ್ಧವಾಗುತ್ತದೆ. ಮಂಡ್ಯದ ಆಲೆಮನೆಗಳಲ್ಲಿ ಪಾಕ ಹೊಯ್ಯುವ ಮಣೆಯೂ ಅಚ್ಚು, ಅದರಿಂದ ಬಿಡಿಸಿಕೊಂಡ ಬೆಲ್ಲವೂ ಅಚ್ಚು. ಇಂಗ್ಲಿಷಿನ ‘ಪ್ರೆಸ್ಸಿಂಗ್’ ಕೂಡ ಒತ್ತುವ ಕೆಲಸಕ್ಕೂ ಒತ್ತಿ ಬಂದ ಪ್ರತಿಗೂ ಸಲ್ಲುವುದರಿಂದ, ‘ಮೊದಲ ಅಚ್ಚು’, ‘ಮರು ಅಚ್ಚು’, ‘ಮಿತ ಅಚ್ಚು’ ಎಂಬ ರೂಪಗಳು ಸಹಜವಾಗಿ ಹೊಂದುತ್ತವೆ ಎಂಬುದು ನನ್ನ ಎಣಿಕೆ.

‘ಪ್ಲೇಟು’ ಎಂಬ ಮಾತು ಮಾತ್ರ ಸ್ವಲ್ಪ ತೊಡಕಿನದು. ಹಿರಿಯರು ಗ್ರಾಮಫೋನ್ ಪ್ಲೇಟು ಎನ್ನುತ್ತಿದ್ದುದು ಹೆಚ್ಚಾಗಿ ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ, ಬಿದ್ದರೆ ಒಡೆಯುವ ತಟ್ಟೆಗೆ; 1948ರಲ್ಲಿ ಕೊಲಂಬಿಯಾ ಕಂಪನಿ ಹೊರತಂದ ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟು ವಿನೈಲಿನದು, ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತಿನದು. ಎರಡನ್ನೂ ಬೇರ್ಪಡಿಸಬೇಕಾದ ಕಡೆ ‘ವಿನೈಲ್ ಪ್ಲೇಟು’ ಎಂದರೆ ಸಾಕೆನಿಸುತ್ತದೆ.

ಹಾಡುಗಳ ಗುಣವನ್ನು ಹೇಳುವ ‘ಸನ್ನಿ’ (sunny) ಎಂಬ ಇಂಗ್ಲಿಷ್ ವಿಶೇಷಣವೇ ಹೆಚ್ಚು ಕಷ್ಟ ಕೊಟ್ಟಿದೆ. ‘ಬಿಸಿಲಿನ ಹಾಡು’ ಎಂದರೆ ನಮ್ಮ ಸೀಮೆಯವರಿಗೆ ಏಪ್ರಿಲ್ ತಿಂಗಳ ಧಗೆ ನೆನಪಾದೀತೇ ಹೊರತು, ಹಲವು ಕಂಠಗಳು ಒಟ್ಟಾಗಿ ಹಾಡುವಾಗ, ಹನ್ನೆರಡು ತಂತಿಯ ಗಿಟಾರು ಕಿಣಿಕಿಣಿಸುವಾಗ ಹುಟ್ಟುವ ಲವಲವಿಕೆಯಲ್ಲ. ‘ಎಳೆಬಿಸಿಲು’ ಆ ಭಾವಕ್ಕೆ ಹತ್ತಿರವಾಗಿದೆ. ‘ಸೈಕೆಡೆಲಿಕ್’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಮನೋವೈದ್ಯ ಹಂಫ್ರಿ ಆಸ್ಮಂಡ್ ಅವರು ಗ್ರೀಕ್ ಮೂಲದಿಂದ ಅದನ್ನು ಕಟ್ಟಿದ್ದು ಮನಸ್ಸನ್ನು ತೆರೆದು ತೋರುವಂಥದ್ದು ಎಂಬ ಅರ್ಥದಲ್ಲಿ, ಆದ್ದರಿಂದ ಕನ್ನಡದಲ್ಲಿ ಅದನ್ನು ‘ಭ್ರಾಂತಿ’ ಎನ್ನುವುದು ಸಲ್ಲದು.

‘ಫೋಕ್ ರಾಕ್’ ಅನ್ನು ‘ಜಾನಪದ ರಾಕ್’ ಎಂದರೆ ಕಂಸಾಳೆ, ನೀಲಗಾರರ ಪದಗಳನ್ನು ಕೇಳಿ ಬೆಳೆದವರು ಬೇರೆಯೇ ಸಂಗೀತವನ್ನು ನಿರೀಕ್ಷಿಸುತ್ತಾರೆಂಬ ಅಳುಕಿದೆ. ಇದಕ್ಕೆ ತಕ್ಕ ಪದ ಬಲ್ಲವರೂ, ಹಿಂದೆ ಪ್ಲೇಟಿನ ಅಂಗಡಿಗಳಲ್ಲಿ ‘ಅಚ್ಚು’ ಎಂಬ ಬಳಕೆಯನ್ನು ಕೇಳಿದವರೂ ದಯವಿಟ್ಟು ತಿಳಿಸಬೇಕು.