ಪದಚರ್ಚೆ: ‘ಮುನ್ನೆಚ್ಚರಿಕೆ’ಯನ್ನು ಕೊಡುವುದೋ, ವಹಿಸುವುದೋ? ಜೊತೆಗೆ ‘ಭವಿಷ್ಯ’ದ ಮೇಲಿನ ಹೊರೆ

ಮಾನ್ಯರೆ,

ಗ್ರಾಮ ಪಂಚಾಯಿತಿಯ ಸದಸ್ಯರಿಗೂ ಸಿಬ್ಬಂದಿಗೂ ನೆರೆ, ಬರ, ಸಿಡಿಲುಗಳ ವಿಷಯದಲ್ಲಿ ತರಬೇತಿ ಕೊಡಲು ಸಿದ್ಧವಾಗುತ್ತಿರುವ ಒಂದು ಕೈಪಿಡಿಯ ಕನ್ನಡ ಕರಡನ್ನು ತಿದ್ದುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿದೆ. ಇಂಗ್ಲಿಷ್ ಮೂಲದಲ್ಲಿ ಫೋರ್‌ಕಾಸ್ಟ್, ಪ್ರಿಡಿಕ್ಷನ್, ಫೋರ್‌ಸೈಟ್, ಅರ್ಲಿ ವಾರ್ನಿಂಗ್, ಪ್ರಿಕಾಷನ್, ಪ್ರಿಪೇರ್ಡ್‌ನೆಸ್ ಎಂದು ಆರು ಮಾತುಗಳಿವೆ. ಕರಡಿನಲ್ಲಿ ಅವಷ್ಟೂ ಎರಡೇ ಮಾತುಗಳಿಗೆ ಇಳಿದಿವೆ. ಮೊದಲ ಮೂರಕ್ಕೆ ‘ಭವಿಷ್ಯ’ ಮತ್ತು ಅದರ ಸಮಾಸಗಳು, ಉಳಿದ ಮೂರಕ್ಕೆ ‘ಮುನ್ನೆಚ್ಚರಿಕೆ’. ಅನುವಾದಕರನ್ನು ದೂರುವುದು ನನ್ನ ಉದ್ದೇಶವಲ್ಲ, ಏಕೆಂದರೆ ನಿಘಂಟುಗಳನ್ನು ತೆರೆದರೆ ನಾನೂ ಬಹುಶಃ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ಆದರೆ ಮುಂದೆ ಆಗುವುದನ್ನು ಕುರಿತು ಮಾತಾಡಲು ಕನ್ನಡದಲ್ಲಿ ನಿಜವಾಗಿಯೂ ಇಷ್ಟೇ ಸಾಮಗ್ರಿ ಇದೆಯೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಮೊದಲು ‘ಭವಿಷ್ಯ’. ಸಂಸ್ಕೃತದ ‘ಭೂ’ ಧಾತುವಿನಿಂದ ಬಂದ ಈ ಪದಕ್ಕೆ ಆಗಲಿರುವುದು ಎಂದಷ್ಟೇ ಅರ್ಥ. ವ್ಯಾಕರಣದ ಭವಿಷ್ಯತ್ಕಾಲದಲ್ಲಿಯೂ ನೌಕರರ ಭವಿಷ್ಯ ನಿಧಿಯಲ್ಲಿಯೂ ಅದು ಆ ಅರ್ಥದಲ್ಲಿಯೇ ನಿಂತಿದೆ. ಆಡುಮಾತಿನಲ್ಲಿ ಹಾಗಲ್ಲ. ಪದವೊಂದರ ನಿಜವಾದ ಅರ್ಥವನ್ನು ಅರಿಯಬೇಕಾದರೆ ಅದು ಯಾವ ಕ್ರಿಯಾಪದದ ಜೊತೆ ಸಂಸಾರ ಮಾಡುತ್ತದೆ ಎಂಬುದನ್ನು ನೋಡಬೇಕು. ಭವಿಷ್ಯವನ್ನು ‘ಹೇಳುತ್ತಾರೆ’, ‘ಕೇಳುತ್ತಾರೆ’, ‘ನುಡಿಯುತ್ತಾರೆ’. ಪತ್ರಿಕೆಯಲ್ಲಿ ದಿನಭವಿಷ್ಯ, ವಾರಭವಿಷ್ಯಗಳನ್ನು ‘ನೋಡುತ್ತಾರೆ’. ಅಂದರೆ ಅದು ಎಲ್ಲಿಯೋ ಆಗಲೇ ಬರೆದಿಟ್ಟದ್ದು, ಬಲ್ಲವರು ಓದಿ ಹೇಳಬೇಕಾದದ್ದು. ‘ಭವಿಷ್ಯವನ್ನು ರೂಪಿಸು’ ಎಂಬ ಬಳಕೆ ಭಾಷಣಗಳಲ್ಲಿ ಧಾರಾಳವಾಗಿದೆಯಾದರೂ ಅದಿನ್ನೂ ವೇದಿಕೆಯಿಂದ ಕೆಳಗಿಳಿದಂತೆ ಕಾಣುವುದಿಲ್ಲ. ‘ಹವಾಮಾನ ಭವಿಷ್ಯ’ ಎಂದು ಬರೆದ ಕೂಡಲೇ ಹವಾಮಾನ ತಜ್ಞರು ಜ್ಯೋತಿಷಿಯ ಮಣೆಯ ಮೇಲೆ ಕೂರುತ್ತಾರೆ, ಮಳೆ ಬಾರದಿದ್ದರೆ ಸುಳ್ಳು ಹೇಳಿದವರೂ ಆಗುತ್ತಾರೆ.

ನಮ್ಮಲ್ಲಿ ಮುಂದಿನದನ್ನು ಹೇಳುವ ಸಂಪ್ರದಾಯಗಳೆಲ್ಲವೂ ಒಂದೇ ಬಗೆಯವಲ್ಲ. ಯುಗಾದಿಯಂದು ಪಂಚಾಂಗ ಶ್ರವಣ ಮಾಡುವಾಗ ಆ ಸಂವತ್ಸರದ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು ಎಂಬುದನ್ನೂ, ಮಳೆ ಎಷ್ಟು ಕೊಳಗ, ಅದರಲ್ಲಿ ಸಮುದ್ರಕ್ಕೆಷ್ಟು, ಪರ್ವತಕ್ಕೆಷ್ಟು, ಭೂಮಿಗೆಷ್ಟು ಎಂಬುದನ್ನೂ ಓದುತ್ತಾರೆ. ಅದು ಅಳತೆ ಕೊಟ್ಟು ಹೇಳುವ ಮಾತು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನಡೆಯುವ ಕಾರಣಿಕದ ರೀತಿಯೇ ಬೇರೆ. ಉಪವಾಸವಿದ್ದ ಗೊರವಯ್ಯ, ಅಂದರೆ ಮೈಲಾರಲಿಂಗನ ಭಕ್ತ, ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ, ಆಮೇಲೆ ಬರುವುದು ಒಂದೇ ವಾಕ್ಯ. ಆ ವಾಕ್ಯದಲ್ಲಿ ಅಳತೆಯಿಲ್ಲ, ಕೆಲವೊಮ್ಮೆ ಕ್ರಿಯಾಪದವೂ ಸ್ಪಷ್ಟವಿರುವುದಿಲ್ಲ. ಅದು ಮಳೆಬೆಳೆಗೆ ಹೇಳಿದ್ದೋ ರಾಜಕೀಯಕ್ಕೆ ಹೇಳಿದ್ದೋ ಎಂಬುದನ್ನು ಊರಿಗೆ ಮರಳುವ ದಾರಿಯಲ್ಲಿ ಕೇಳಿದವರೇ ಅರ್ಥ ಮಾಡಿಕೊಳ್ಳಬೇಕು. ಅದಕ್ಕೆ ಜನ ಭವಿಷ್ಯ ಎನ್ನದೆ ಕಾರಣಿಕ ಎನ್ನುವುದನ್ನು ಗಮನಿಸಬೇಕು. ಯಾವುದೋ ಒಂದು ಕಾರಣಕ್ಕಾಗಿ ಹುಟ್ಟಿಬಂದ ದೈವಾಂಶದವನನ್ನು ‘ಕಾರಣಿಕ ಪುರುಷ’ ಎನ್ನುವಾಗಲೂ ಇದೇ ಪದ.

ಇವೆರಡಕ್ಕೂ ಸೇರದ ಮೂರನೆಯದು ಮಳೆನಕ್ಷತ್ರದ ಗಾದೆಗಳು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬುವನ್ನು ಕರಡಿನ ಒಂದು ಚೌಕದಲ್ಲಿ ‘ಜಾನಪದ ಮಳೆಭವಿಷ್ಯ’ ಎಂಬ ತಲೆಬರಹದ ಕೆಳಗೆ ಹಾಕಿದ್ದಾರೆ. ಓದಿ ನೋಡಿದರೆ ಇವು ಮಳೆ ಬರುತ್ತದೆಂದು ಎಲ್ಲಿಯೂ ಹೇಳುವುದಿಲ್ಲ. ಬಂದರೆ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತವೆ. ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಸರಿಯುವ ಮಳೆನಕ್ಷತ್ರಗಳನ್ನು ಎಣಿಸುತ್ತ, ಬಂದ ಮಳೆಯನ್ನು ನೋಡಿ ಬಿತ್ತಬೇಕೋ ಕಾಯಬೇಕೋ ಎಂದು ತೀರ್ಮಾನಿಸುವವರ ಮಾತು ಇದು. ಇದನ್ನು ಭವಿಷ್ಯ ಎನ್ನುವುದಕ್ಕಿಂತ ಲೆಕ್ಕಾಚಾರ ಎನ್ನುವುದೇ ಸರಿ. ತಲೆಬರಹವನ್ನು ನಾನು ‘ಮಳೆ ಲೆಕ್ಕ’ ಎಂದು ತಿದ್ದಿದ್ದೇನೆ.

ಇಲ್ಲಿಂದ ನನ್ನ ಗಮನ ನಾಮಪದವನ್ನು ಬಿಟ್ಟು ಕ್ರಿಯಾಪದದ ಕಡೆಗೆ ಹೊರಳಿತು. ಶಾಲೆಯಲ್ಲಿ ನಾವು ಮೂರು ಕಾಲಗಳನ್ನು ಬಾಯಿಪಾಠ ಮಾಡಿದ್ದೇವಾದರೂ, ಕನ್ನಡದ ಕ್ರಿಯಾರೂಪಗಳಲ್ಲಿ ನಿಜವಾಗಿ ಇರುವುದು ಆದದ್ದು ಮತ್ತು ಆಗಿರದ್ದು ಎಂಬ ಎರಡೇ ಭೇದ ಎಂಬ ವಾದವನ್ನು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಮುಂದಿಟ್ಟಿದ್ದಾರೆ. ‘ನಾಳೆ ಬರುತ್ತೇನೆ’ ಎಂದು ನಾವೆಲ್ಲರೂ ವರ್ತಮಾನದಲ್ಲಿಯೇ ನಾಳೆಯನ್ನು ಮುಗಿಸುವುದನ್ನು ನೋಡಿದರೆ ಆ ವಾದಕ್ಕೆ ತೂಕವಿದೆ. ಆದರೆ ಕಾಲದ ಭೇದ ಕಡಿಮೆಯಿದ್ದ ಮಾತ್ರಕ್ಕೆ ಖಾತರಿಯ ಭೇದ ಕಡಿಮೆಯಾಗಿಲ್ಲ. ‘ಮಳೆ ಬರಲಿದೆ’ ಎಂದರೆ ಗೊತ್ತುಪಡಿಸಿ ಆಗಿದೆ ಎಂಬ ಧ್ವನಿ. ಸಭೆ ನಡೆಯಲಿದೆ, ಸಚಿವರು ಆಗಮಿಸಲಿದ್ದಾರೆ ಎಂಬಂಥ ಕಡೆ ಅದು ಸಲ್ಲುತ್ತದೆ. ‘ಮಳೆ ಬರುತ್ತದೆ’ ಎಂದರೆ ಹೇಳುವವರ ಭರವಸೆ. ‘ಮಳೆ ಬರಬಹುದು’ ಎಂದರೆ ಬರದೆಯೂ ಇರಬಹುದು, ನನ್ನ ಮೇಲೆ ಹೊಣೆಯಿಲ್ಲ. ಇನ್ನು ‘ಮಳೆ ಬಂದೀತು’. ಇದರಲ್ಲಿ ಸಾಧ್ಯತೆಯ ಜೊತೆಗೆ ಕೇಳುವವರ ಮೇಲಿನ ಕಾಳಜಿ ಇದೆ, ಮುಂದಿನ ವಾಕ್ಯ ಏನು ಮಾಡಬೇಕೆಂದು ಹೇಳಲಿದೆ ಎಂಬ ಸೂಚನೆಯೂ ಇದೆ. ‘ಬಿದ್ದೀಯ’, ‘ಹಾವು ಇದ್ದೀತು’, ‘ಹೊತ್ತಾದೀತು’ ಎಂಬುವೆಲ್ಲ ಈ ಜಾತಿಯವೇ. ನಮ್ಮ ಅಜ್ಜಿ ಅಂಗಳದಲ್ಲಿ ಜೋಳ ಒಣಹಾಕಿದ ದಿನ ಪಡುವಣ ದಿಕ್ಕನ್ನು ನೋಡಿ ‘ಮಳಿ ಬಂದೀತು, ಕಾಳ ಒಳಗ ಒಯ್ರಿ’ ಎನ್ನುತ್ತಿದ್ದಳು. ಮಳೆ ಬಾರದಿದ್ದರೆ ಯಾರೂ ಅಜ್ಜಿಯ ಮಾತು ಸುಳ್ಳಾಯಿತು ಎನ್ನುತ್ತಿರಲಿಲ್ಲ, ಏಕೆಂದರೆ ಅವಳು ಮಳೆಯ ಬಗ್ಗೆ ಹೇಳಿದ್ದಕ್ಕಿಂತ ಕಾಳಿನ ಬಗ್ಗೆ ಹೇಳಿದ್ದೇ ಹೆಚ್ಚು.

ಈ ರೂಪದ ಒಂದು ಸೋಜಿಗವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ‘ಬಂದೀತು’, ‘ಬಿದ್ದೀಯ’, ‘ಹೋದಾರು’ ಎಂಬುವೆಲ್ಲ ಭೂತಕಾಲದ ಅಂಗದ ಮೇಲೆ ನಿಂತಿವೆ. ‘ಬಂದರೆ’ ಎಂಬುದೂ ಅಷ್ಟೇ. ಇನ್ನೂ ಆಗದ್ದನ್ನು ಹೇಳಲು ಕನ್ನಡ ಆದದ್ದರ ರೂಪವನ್ನು ಎತ್ತಿಕೊಳ್ಳುತ್ತದೆ. ಇದರಿಂದ ಕನ್ನಡಿಗರ ಕಾಲಪ್ರಜ್ಞೆಯ ಬಗ್ಗೆ ಸಿದ್ಧಾಂತ ಕಟ್ಟುವ ಆಸೆ ನನಗೂ ಆಯಿತು, ಆದರೆ ಪ್ರತ್ಯಯಗಳನ್ನು ನೋಡಿ ಜನಾಂಗದ ಮನಸ್ಸನ್ನು ಓದುವುದು ಅಂಗೈ ನೋಡಿ ಭವಿಷ್ಯ ಹೇಳುವುದಕ್ಕಿಂತ ಹೆಚ್ಚು ದೂರವಿಲ್ಲವೆಂದು ಕೈಬಿಟ್ಟೆ.

ಇಲ್ಲಿಯವರೆಗಿನದು ಬರಿಯ ವ್ಯಾಕರಣದ ಚಪಲವಲ್ಲ ಎಂಬುದಕ್ಕೆ ಒಂದು ಉದಾಹರಣೆ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆ 2024ರ ಏಪ್ರಿಲ್‌ನಲ್ಲಿ, ಆ ವರ್ಷದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ದೀರ್ಘಾವಧಿ ಸರಾಸರಿಯಾದ 87 ಸೆಂ.ಮೀ.ನ ಶೇ. 106ರಷ್ಟು ಆಗುವ ಸಂಭವವಿದೆ, ಅದರಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆ ಆಗಬಹುದು ಎಂದು ತಿಳಿಸಿತ್ತು. ಕೊನೆಗೆ ಬಿದ್ದದ್ದು ಶೇ. 108. ಕೈಪಿಡಿಯ ಮೂಲದಲ್ಲಿ ಈ ‘ಸಂಭವ’ವೂ ಇದೆ, ‘ಹೆಚ್ಚುಕಡಿಮೆ’ಯೂ ಇದೆ. ಕರಡಿನ ಕನ್ನಡದಲ್ಲಿ ಅದು ‘ಈ ಬಾರಿ ಶೇ. 106ರಷ್ಟು ಮಳೆ ಬೀಳಲಿದೆ ಎಂದು ಭವಿಷ್ಯ ನುಡಿಯಲಾಗಿದೆ’ ಎಂದಾಗಿದೆ. ಒಂದು ‘ಲಿದೆ’, ಒಂದು ‘ಭವಿಷ್ಯ’, ಅಷ್ಟಕ್ಕೇ ಲೆಕ್ಕವಾಗಿದ್ದದ್ದು ಶಕುನವಾಗಿಬಿಟ್ಟಿದೆ. ‘ಮುನ್ಸೂಚನೆ’ ಎಂಬ ಪದ ಆಕಾಶವಾಣಿಯ ಕಾಲದಿಂದ ಕಿವಿಗೆ ಒಗ್ಗಿದೆ, ಅದೇ ಇರಲಿ. ಅದರ ಕ್ರಿಯಾಪದ ‘ನೀಡು’ ಆಗಿರುವುದರಿಂದ ಹೇಳುವವರಿಗೆ ದಿವ್ಯದೃಷ್ಟಿಯ ಆರೋಪ ಬರುವುದಿಲ್ಲ.

‘ಮುನ್’ ಎಂಬ ಪೂರ್ವಪದದ ವಿಷಯಕ್ಕೆ ಬಂದರೆ ತಿರುವುಮುರುವು ಶುರುವಾಗುತ್ತದೆ. ಮುಂದಿನ ವರ್ಷ ಎಂದರೆ ಬರುವ ವರ್ಷ, ಹಿಂದಿನ ವರ್ಷ ಎಂದರೆ ಕಳೆದ ವರ್ಷ. ಆದರೆ ಮುಂಗಾರು ಮೊದಲು ಬರುವ ಮಳೆ, ಹಿಂಗಾರು ಆಮೇಲೆ ಬರುವುದು. ಮುಂದಿನವರು ನಮ್ಮ ಮೊಮ್ಮಕ್ಕಳು, ಮುನ್ನಿನವರು ನಮ್ಮ ಹಿರಿಯರು, ಧಾತು ಒಂದೇ. ಆಂಡಿಸ್ ಪರ್ವತಗಳ ಐಮರಾ ಭಾಷಿಕರು ಕಳೆದುಹೋದದ್ದು ಕಣ್ಣೆದುರಿಗಿದೆಯೆಂದೂ ಬರಲಿರುವುದು ಬೆನ್ನ ಹಿಂದಿದೆಯೆಂದೂ ಮಾತಾಡುತ್ತಾರೆಂಬುದು ಭಾಷಾಶಾಸ್ತ್ರದಲ್ಲಿ ಪ್ರಸಿದ್ಧ. ನಮ್ಮದು ಆ ಬಗೆಯದಲ್ಲ. ನಾವು ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದೇವೆ: ದಾರಿಯಲ್ಲಿ ನಡೆಯುವವನಿಗೆ ಮುಂದಿರುವುದು ನಾಳೆ, ಸಾಲಿನಲ್ಲಿ ಬರುವ ಮಳೆಗಳಲ್ಲಿ ಮುಂದಿರುವುದು ಮೊದಲನೆಯದು. ಮುನ್ಸೂಚನೆ, ಮುಂಗಡ, ಮುನ್ನೆಚ್ಚರಿಕೆಗಳಲ್ಲಿರುವುದು ಈ ಎರಡನೆಯ ‘ಮುನ್’, ಅಂದರೆ ಘಟನೆಗಿಂತ ಮೊದಲು ಎಂದು. ‘ಮುಂದಾಲೋಚನೆ’ಯಲ್ಲಿ ಮಾತ್ರ ಮೊದಲನೆಯ ಚಿತ್ರವಿದೆ, ಅದು ಮುಂದಿನದರ ಬಗೆಗಿನ ಆಲೋಚನೆ. ಹೀಗಾಗಿ ಫೋರ್‌ಸೈಟ್‌ಗೆ ‘ಭವಿಷ್ಯದೃಷ್ಟಿ’ಯನ್ನು ಹೊಡೆದುಹಾಕಿ ‘ಮುಂದಾಲೋಚನೆ’ ಎಂದು ಬರೆದಿದ್ದೇನೆ. ‘ದೂರದೃಷ್ಟಿ’ಯೂ ಸಲ್ಲುತ್ತಿತ್ತು, ಆದರೆ ಆ ಪದ ದಿವಂಗತ ಮುತ್ಸದ್ದಿಗಳ ಭಾವಚಿತ್ರದ ಕೆಳಗೆ ಕೂತು ಕೂತು ಸವೆದಿದೆ.

ಈಗ ನನ್ನ ಮುಖ್ಯ ತೊಡಕು, ಶೀರ್ಷಿಕೆಯಲ್ಲಿರುವ ಪದ. ‘ಎಚ್ಚರಿಕೆ’ ಎಂಬುದು ಕನ್ನಡದಲ್ಲಿ ಎರಡು ಮನೆಯ ನೆಂಟ. ಒಬ್ಬರು ಇನ್ನೊಬ್ಬರಿಗೆ ಕೊಡುವುದೂ ಎಚ್ಚರಿಕೆ, ತಾನು ಎಚ್ಚರವಾಗಿರುವುದೂ ಎಚ್ಚರಿಕೆ. ಹಾಗಾಗಿ ‘ಮುನ್ನೆಚ್ಚರಿಕೆ ನೀಡಲಾಗಿದೆ’ ಎಂದಾಗ ಅಧಿಕಾರಿಗಳು ಕೆಲಸ ಮಾಡಿದ್ದಾರೆ. ‘ಮುನ್ನೆಚ್ಚರಿಕೆ ವಹಿಸಬೇಕು’ ಎಂದಾಗ ಊರಿನವರು ಮಾಡಬೇಕು. ಕ್ರಿಯಾಪದ ಜೊತೆಗಿದ್ದರೆ ತೊಂದರೆಯಿಲ್ಲ. ‘ಮುನ್ನೆಚ್ಚರಿಕೆ ವ್ಯವಸ್ಥೆ’, ‘ಮುನ್ನೆಚ್ಚರಿಕೆ ಸಮಿತಿ’, ‘ಮುನ್ನೆಚ್ಚರಿಕೆಯ ಹೊಣೆ’ ಎಂದು ಸಮಾಸವಾದಾಗ ಯಾರು ಯಾರಿಗೆ ಏನು ಮಾಡಬೇಕೆಂಬುದು ತಿಳಿಯದೆ ಹೋಗುತ್ತದೆ. ಜಲಾಶಯದಿಂದ ನೀರು ಬಿಡುವ ಸುದ್ದಿ ತಲುಪಿಸುವುದು ಒಬ್ಬರ ಹೊಣೆ, ದನಕರುಗಳನ್ನು ದಿಬ್ಬಕ್ಕೆ ಸಾಗಿಸುವುದು ಇನ್ನೊಬ್ಬರ ಹೊಣೆ. ಕೈಪಿಡಿಯಲ್ಲಿ ಇವೆರಡೂ ಒಂದೇ ಪದದ ಕೆಳಗಿದ್ದರೆ ಓದಿದವರು ಅದು ಮತ್ತೊಬ್ಬರ ಕೆಲಸವೆಂದು ಪುಟ ತಿರುವಿಬಿಟ್ಟಾರು. ಕೊಡುವುದಕ್ಕೆ ‘ಮುನ್ನೆಚ್ಚರಿಕೆ’ಯನ್ನು ಉಳಿಸಿಕೊಂಡು ವಹಿಸುವುದಕ್ಕೆ ‘ಮುಂಜಾಗ್ರತೆ’ಯನ್ನು ಬಳಸುವುದು ನನ್ನ ಸದ್ಯದ ಪರಿಹಾರ. ಎರಡನೆಯದರಲ್ಲಿ ಕನ್ನಡದ ತಲೆಗೆ ಸಂಸ್ಕೃತದ ಮೈ ಸೇರಿದೆ ಎಂದು ಮೂಗು ಮುರಿಯುವವರಿದ್ದಾರೆಂದು ಬಲ್ಲೆ, ಆದರೆ ‘ಜಾಗ್ರತೆ’ಯನ್ನು ಯಾರಿಗೂ ‘ನೀಡಲು’ ಬರುವುದಿಲ್ಲವಾದ್ದರಿಂದ ಅಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ.

ಇದಕ್ಕೆ ಸಂಬಂಧಿಸಿದ ಒಂದು ತಪ್ಪು ಅನುವಾದವನ್ನು ಹಂಚಿಕೊಳ್ಳಲೇಬೇಕು. ಜಪಾನಿನ ಇವಾತೆ ಪ್ರಾಂತ್ಯದ ಅನೆಯೋಶಿ ಎಂಬ ಪುಟ್ಟ ಊರಿನಲ್ಲಿ, 1933ರ ಸುನಾಮಿಯ ನಂತರ ನೆಟ್ಟ ಒಂದು ಕಲ್ಲಿದೆ. ಈ ಜಾಗಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎಂಬುದು ಅದರ ಮೇಲಿನ ಬರಹದ ತಾತ್ಪರ್ಯ. ಊರಿನವರು ಅದರಂತೆ ಮೇಲೆಯೇ ಉಳಿದರು, 2011ರ ಮಾರ್ಚ್‌ನಲ್ಲಿ ಬಂದ ಅಲೆ ಕಲ್ಲಿಗಿಂತ ಕೆಳಗೇ ನಿಂತಿತು. ಕರಡಿನಲ್ಲಿ ಈ ಭಾಗದ ಹೆಸರು ‘ಭವಿಷ್ಯ ನುಡಿದ ಕಲ್ಲು’. ಕಲ್ಲು ಭವಿಷ್ಯವನ್ನು ನುಡಿದೇ ಇಲ್ಲ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಕಂಡವರು ‘ಬೇಡಿ’ ಎಂದು ಕೆತ್ತಿಸಿದ್ದಾರೆ. ಅದು ಮುನ್ನೆಚ್ಚರಿಕೆಯ ಕಲ್ಲೋ ಮುಂಜಾಗ್ರತೆಯ ಕಲ್ಲೋ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ‘ಎಲ್ಲೆಗಲ್ಲು’ ಎಂದು ಬರೆದು ಸುಮ್ಮನಾದೆ.

ಪ್ರಿಪೇರ್ಡ್‌ನೆಸ್‌ಗೆ ಪದಗಳ ಕೊರತೆಯಿಲ್ಲ. ‘ಸನ್ನದ್ಧತೆ’ಯಲ್ಲಿ ಕವಚ ಬಿಗಿದುಕೊಂಡವರ ಗತ್ತಿದೆ, ‘ತಯಾರಿ’ ಪಾರಸಿಯ ದಾರಿಯಲ್ಲಿ ಬಂದು ಮನೆಯವನೇ ಆಗಿದೆ, ‘ಅಣಿ’, ‘ಸಜ್ಜು’ಗಳು ಎಂದಿನಿಂದಲೂ ಇವೆ. (ಪಾರಸಿಯ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮ ‘ವಿಮೆ’ಯ ಮೂಲವಾದ ‘ಬೀಮಾ’ದ ಬೇರು ಆ ಭಾಷೆಯಲ್ಲಿ ಭಯ ಎಂಬ ಅರ್ಥದ ‘ಬೀಮ್’. ವಿಮೆ ಮಾರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.) ‘ಸಿದ್ಧತೆ’ ಸಾಕು, ‘ಪೂರ್ವಸಿದ್ಧತೆ’ ಬೇಡ ಎಂಬುದು ನನ್ನ ಹಟ, ಆದ ಮೇಲೆ ಯಾರೂ ಸಿದ್ಧರಾಗುವುದಿಲ್ಲ.

ಆದರೆ ಈ ಪದಗಳಲ್ಲಿ ಯಾವುದೂ ವರ್ಷಗಟ್ಟಲೆಯ ಸಿದ್ಧತೆಯನ್ನು ಸೂಚಿಸುವುದಿಲ್ಲ. ಮದುವೆಗೆ ಅಣಿಯಾಗುತ್ತೇವೆ, ಪ್ರಯಾಣಕ್ಕೆ ಸಜ್ಜಾಗುತ್ತೇವೆ. ಬರುತ್ತದೋ ಇಲ್ಲವೋ ತಿಳಿಯದ ಬರಕ್ಕೆ? ಉತ್ತರ ಕರ್ನಾಟಕದ ‘ಹಗೇವು’ ನೆನಪಾಗುತ್ತದೆ. ನೆಲದಲ್ಲಿ ಆಳವಾಗಿ ತೋಡಿ, ಒಳಸುತ್ತಿಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಹುಳು ಹತ್ತದೆ ಉಳಿಯುತ್ತಿತ್ತು. ತೆರೆದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಜೀವ ತೆಗೆದೀತು. ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಕೈಪಿಡಿಯ ‘ದೀರ್ಘಕಾಲೀನ ಆಹಾರ ಭದ್ರತಾ ದಾಸ್ತಾನು’ ಎಂಬ ನಾಲ್ಕು ಪದಗಳ ಸರಪಳಿಯನ್ನು ತೆಗೆದು ‘ಊರ ಹಗೇವು’ ಎಂದು ಹಾಕುವ ಆಸೆಯಿದೆ, ಆದರೆ ಹಳೆಯ ಮೈಸೂರಿನ ಓದುಗರಿಗೆ ಪದ ತಿಳಿಯದೆಂದು ಸಹೋದ್ಯೋಗಿಗಳು ತಡೆಯುತ್ತಿದ್ದಾರೆ. ಅವರು ಸೂಚಿಸುವ ‘ಕಣಜ’ ನನಗೆ ಒಪ್ಪಿಗೆಯಿಲ್ಲ. ಕಣಜದಿಂದ ದಿನವೂ ತೆಗೆಯುತ್ತಾರೆ, ಹಗೇವನ್ನು ಬೇಕೆಂದಾಗಲೆಲ್ಲ ತೆರೆಯಲಾಗದು.

ಆದ್ದರಿಂದ ಬಲ್ಲವರಲ್ಲಿ ನನ್ನ ವಿನಂತಿ. ‘ಮುನ್ನೆಚ್ಚರಿಕೆ’ ಮತ್ತು ‘ಮುಂಜಾಗ್ರತೆ’ಗಳನ್ನು ನಾನು ಬೇರ್ಪಡಿಸಿದ ರೀತಿ ನಿಮ್ಮ ಬಳಕೆಗೆ ಹೊಂದುತ್ತದೆಯೇ, ಅಥವಾ ನಿಮ್ಮ ಕಿವಿಗೆ ಎರಡೂ ಒಂದೇಯೇ? ಸರ್ಕಾರಿ ಕೈಪಿಡಿಯಂಥ ಗಂಭೀರ ಬರಹದಲ್ಲಿ ‘ಮಳೆ ಬಂದೀತು’, ‘ನೀರು ಏರೀತು’ ಎಂದು ಬರೆದರೆ ಅದು ಆಡುಮಾತೆಂದು ತಿರಸ್ಕೃತವಾಗುತ್ತದೆಯೇ? ಕರಾವಳಿಯವರು ‘ಬಂದೀತು’ ಎಂಬುದರ ನಿಷೇಧರೂಪವಾಗಿ ‘ಬರಲಿಕ್ಕಿಲ್ಲ’ ಎನ್ನುವುದನ್ನು ಕೇಳಿದ್ದೇನೆ. ಮೈಸೂರು ಕಡೆಯವರು ಅದೇ ಅರ್ಥವನ್ನು ಒಂದೇ ಪದದಲ್ಲಿ ಹೇಗೆ ಹೇಳುತ್ತಾರೆ? ಕೃಷ್ಣೆ, ಭೀಮೆ, ಮಲಪ್ರಭೆಯ ದಂಡೆಯವರು, ಹೊಳೆ ಏರುವ ಮೊದಲೇ ಸಾಮಾನು ಸರಂಜಾಮು ಕಟ್ಟಿಕೊಂಡು ಎತ್ತರದ ಜಾಗಕ್ಕೆ ಹೋಗುವುದಕ್ಕೆ ನಿಮ್ಮಲ್ಲಿ ಬೇರೆಯೇ ಹೆಸರಿದ್ದರೆ ಅದನ್ನು ದಯವಿಟ್ಟು ನೀವು ಆಡುವಂತೆಯೇ ಬರೆದು ತಿಳಿಸಿ. ಕರಡಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.