ವಿಕಿಡೇಟಾ ಮೇಲೆ ನಿಯಮ ಓಡಿಸುವಾಗ ಡಿಸ್ಕ್ ತುಂಬುತ್ತಿದೆ: ಸೇಮ್‌ಆಸ್ ಕೊಂಡಿಗಳನ್ನು ಬಿಡಬೇಕೇ?

ಕಡಲತಡಿ:
ಕನ್ನಡ ಲೇಖಕರ ಹುಟ್ಟೂರುಗಳ ನಕ್ಷೆ ಮಾಡುತ್ತಿದ್ದೇನೆ. ಶಿವರಾಮ ಕಾರಂತರು ಹುಟ್ಟಿದ್ದು ಕೋಟದಲ್ಲಿ. ಕೋಟ ಉಡುಪಿ ಜಿಲ್ಲೆಯೊಳಗಿದೆ, ಜಿಲ್ಲೆ ಕರ್ನಾಟಕದೊಳಗಿದೆ. ಇಷ್ಟು ಕೊಟ್ಟರೆ ‘ಹುಟ್ಟೂರು ಕರ್ನಾಟಕದ್ದು’ ಅಂತ ರೀಸನರ್ (ನಿಯಮಗಳಿಂದ ಹೊಸ ಮಾಹಿತಿ ಹೊರಡಿಸುವ ತಂತ್ರಾಂಶ) ತಾನೇ ಹೇಳಬೇಕು. ಎಲ್ಲರೂ ಸೇರಿ ತುಂಬುವ ಮುಕ್ತ ಮಾಹಿತಿಕೋಶ ವಿಕಿಡೇಟಾದ ಕ್ವೆರಿ ಸೇವೆಯಲ್ಲಿ 60 ಸೆಕೆಂಡಿಗೆ ಟೈಮ್‌ಔಟ್ ಆಗುತ್ತದೆ. ಹಾಗಾಗಿ ಬೇಕಾದ ಭಾಗವನ್ನು ಇಳಿಸಿಕೊಂಡು ನನ್ನ ಕಂಪ್ಯೂಟರಿನಲ್ಲೇ ಓಡಿಸಿದೆ. ಪಿ131ರ (ಅಲ್ಲಿ ‘ಈ ಆಡಳಿತ ಪ್ರದೇಶದೊಳಗಿದೆ’ ಅನ್ನುವ ಸಂಬಂಧ) ನಿಯಮ ಬೇಗ ಮುಗಿಯಿತು. ಆಮೇಲೆ ಬೇರೆ ಎರಡು ಡೇಟಾಸೆಟ್‌ಗಳನ್ನು ಸೇಮ್‌ಆಸ್ (‘ಈ ಎರಡು ಗುರುತುಗಳೂ ಒಂದೇ ವಸ್ತುವಿನವು’ ಅನ್ನುವ ಕೊಂಡಿ) ಮೂಲಕ ಜೋಡಿಸಿದೆ. ಬೆಳಗಾಗುವಷ್ಟರಲ್ಲಿ ಡಿಸ್ಕ್ ಭರ್ತಿ! ಸೇಮ್‌ಆಸ್ ಬಿಟ್ಟುಬಿಡಲೇ?

ಹಳೇಪುಟ:
ಬಿಡಿ. ನಕ್ಷೆಗೆ ಪಿ131 ಒಂದೇ ಸಾಕು. ಹುಟ್ಟೂರಿನಿಂದ ಮೇಲಕ್ಕೆ ಹತ್ತಿ, ಕರ್ನಾಟಕದಿಂದ ಕೆಳಗಿಳಿಯಬೇಡಿ. ಮೇಲಕ್ಕೆ ನಾಲ್ಕೈದು ಮೆಟ್ಟಿಲಷ್ಟೇ ಇರುತ್ತದೆ, ಕೆಳಗೆ ಸಾವಿರಾರು ಹಳ್ಳಿ.

ನಿಯಮಪ್ರಿಯ:
ದಯವಿಟ್ಟು ಬಿಡಬೇಡಿ. ಬೇರೆಯವರು ಕೂಡಿಸಿಟ್ಟ ಮಾಹಿತಿ ಕೈಗೆ ಸಿಗುವುದೇ ಆ ಕೊಂಡಿಯಿಂದ. ತೊಂದರೆ ಇರುವುದು ಅದನ್ನು ಬಿಡಿಸಿ ಬರೆಯುವುದರಲ್ಲಿ. ಒಂದೇ ವಸ್ತುವಿಗೆ 10 ಗುರುತುಗಳಿದ್ದರೆ ‘ಇದೂ ಅದೂ ಒಂದೇ’ ಅನ್ನುವ ಸಾಲುಗಳೇ 100 ಆಗುತ್ತವೆ. ಅದರ ಮೇಲೆ ಪ್ರತಿ ಮಾಹಿತಿಯೂ ಹತ್ತು ಸಲ ನಕಲಾಗುತ್ತದೆ. ಗುಂಪಿಗೊಂದು ಪ್ರತಿನಿಧಿ ಗುರುತನ್ನು ಆರಿಸಿ, ಎಲ್ಲ ಕಡೆ ಅದನ್ನೇ ಹಾಕಿ. ಉಳಿದವು ಒಂದು ಪಟ್ಟಿಯಲ್ಲಿರಲಿ. 2010ರಲ್ಲಿ 10,000 ಕೋಟಿ ಟ್ರಿಪಲ್‌ಗಳ (‘ಕೋಟ – ಒಳಗಿದೆ – ಉಡುಪಿ ಜಿಲ್ಲೆ’ ಥರದ ಮೂರು ಭಾಗದ ಮಾಹಿತಿ ಸಾಲು) ಮೇಲೆ ನಿಯಮ ಓಡಿಸಿದ ವೆಬ್‌ಪೈ ಎಂಬ ರೀಸನರ್ ಕೂಡ ಸೇಮ್‌ಆಸ್‌ಗೆ ಇದೇ ದಾರಿ ಹಿಡಿದಿತ್ತು.

ಇನ್ನೊಂದು, ಪ್ರತಿ ಸುತ್ತಿನಲ್ಲೂ ಹೊಸದಾಗಿ ಸಿಕ್ಕ ಟ್ರಿಪಲ್‌ಗಳನ್ನಷ್ಟೇ ಮುಂದಿನ ಸುತ್ತಿಗೆ ಕೊಡಿ. ಹಳೆಯದನ್ನೆಲ್ಲ ಸುಮ್ನೆ ಮತ್ತೆ ಅರೆಯುವುದು ಬೇಡ.

ಆದರೆ ಓಡಿಸುವ ಮೊದಲು ಅತಿ ದೊಡ್ಡ ಗುಂಪನ್ನು ಕಣ್ಣಾರೆ ನೋಡಿ. 2018ರಲ್ಲಿ ಸೇಮ್‌ಆಸ್ ಡಾಟ್ ಸಿಸಿ ತಂಡ ವೆಬ್‌ನ 55 ಕೋಟಿಗೂ ಜಾಸ್ತಿ ಸೇಮ್‌ಆಸ್ ಹೇಳಿಕೆಗಳನ್ನು ಒಟ್ಟುಗೂಡಿಸಿತು. ಅತಿ ದೊಡ್ಡ ಗುಂಪಿನಲ್ಲಿ 1,77,794 ಗುರುತುಗಳು. ಐನ್‌ಸ್ಟೈನ್, ಜಗತ್ತಿನ ದೇಶಗಳು, ಏನೂ ಬರೆಯದ ಖಾಲಿ ಪದ, ಎಲ್ಲ ‘ಒಂದೇ’! ಅಷ್ಟನ್ನೂ ಬಿಡಿಸಿ ಬರೆದರೆ 3,100 ಕೋಟಿ ಸಾಲು ದಾಟುತ್ತದೆ. ಇಂಥ ಕಡೆ ಎಷ್ಟು ಡಿಸ್ಕ್ ತಂದರೂ ಪ್ರಯೋಜನವಿಲ್ಲ.

ಕಡಲತಡಿ:
ಪ್ರತಿನಿಧಿ ಗುರುತು ಹಾಕಿದ ಮೇಲೆ ಸಲೀಸಾಗಿ ಓಡಿತು, ತುಂಬಾ ಥ್ಯಾಂಕ್ಸ್. ದೊಡ್ಡ ಗುಂಪುಗಳನ್ನೂ ನೋಡಿದೆ. ನಮ್ಮ ಕೋಟ, ರಾಜಸ್ಥಾನದ ಕೋಟಾ ಒಂದೇ ಗುಂಪಿನಲ್ಲಿವೆ. ಕಾರಂತರು ಎರಡೂ ರಾಜ್ಯಗಳಲ್ಲಿ ಹುಟ್ಟಿದ್ದಾರೆ! ರೀಸನರ್ ಯಾಕೆ ತಕರಾರು ಎತ್ತಲಿಲ್ಲ?

ನಿಯಮಪ್ರಿಯ:
ಎರಡು ರಾಜ್ಯದಲ್ಲಿರಬಾರದು ಅಂತ ನೀವು ಅದಕ್ಕೆ ಹೇಳಿಲ್ಲ, ಅಲ್ವಾ? ಆ ನಿಯಮ ಸೇರಿಸಿ, ಆದರೆ ಊರುಗಳಿಗೆ ಮಾತ್ರ. ಕೃಷ್ಣಾ ನದಿ ಹಲವು ರಾಜ್ಯಗಳಲ್ಲಿ ಹರಿಯುತ್ತದೆ, ಅದು ತಪ್ಪಲ್ಲ. ನಿಯಮ ಮುರಿದ ಗುಂಪುಗಳನ್ನು ಪಕ್ಕಕ್ಕಿಟ್ಟು, ಅವುಗಳ ಕೊಂಡಿಗಳನ್ನು ಒಂದೊಂದಾಗಿ ಕೈಯಲ್ಲೇ ನೋಡಿ.

ನಕ್ಷೆಯ ಮೇಲೆ ‘ಇಂದಿನ ಜಿಲ್ಲೆ’ ಅಂತಲೂ ಬರೆಯಿರಿ. ಕಾರಂತರು ಹುಟ್ಟಿದ್ದು 1902ರಲ್ಲಿ, ಉಡುಪಿ ಜಿಲ್ಲೆ ಆಗಿದ್ದು 1997ರಲ್ಲಿ. ಅವರು ಹುಟ್ಟಿದಾಗ ಕೋಟ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ವಿಕಿಡೇಟಾ ಇಂಥ ಕಾಲದ ವಿವರವನ್ನು ಪಿ131ರ ಕ್ವಾಲಿಫೈಯರ್‌ನಲ್ಲಿ (ಹೇಳಿಕೆಗೆ ಅಂಟಿಸಿದ ಹೆಚ್ಚಿನ ಟಿಪ್ಪಣಿಯಲ್ಲಿ) ಇಡುತ್ತದೆ. ನೇರ ಟ್ರಿಪಲ್ ಮಾತ್ರ ಇಳಿಸಿಕೊಂಡಿದ್ದರೆ ಅದು ನಿಮ್ಮ ಹತ್ತಿರ ಇರುವುದಿಲ್ಲ. ಹಳೆಯ ಆಡಳಿತ ಪ್ರದೇಶವೂ ಬೇಕಿದ್ದರೆ ಪೂರ್ತಿ ಹೇಳಿಕೆಗಳನ್ನೇ ಇಳಿಸಿಕೊಳ್ಳಿ.